ಗಾಜಿನೊಳಗಿನ ಕೆಂಪು ಚುಕ್ಕೆ

ಗೋಕಾಕದ ಜಲಪಾತದೆದುರು ನಿಂತು ಯಾರು ಬೇಕಾದರೂ ಒಂದು ಚಿಕ್ಕ ಪ್ರಯೋಗವನ್ನು ಮಾಡಿ ನೋಡಬಹುದು. ಬಲಗೈಯನ್ನು ನೀಳವಾಗಿ ಚಾಚಿ, ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿ, ಎಡಗಣ್ಣನ್ನು ಮುಚ್ಚಿ, ಬೆರಳ ತುದಿಯನ್ನು ನೀರು ಧುಮುಕುವ ಬಂಡೆಯ ಅಂಚಿಗೆ ಹೊಂದಿಸಬೇಕು. ಉಗುರಿನ ಗೆರೆಗಳು ಸ್ಪಷ್ಟವಾಗಿ ಕಂಡರೆ 52 ಮೀಟರು ಎತ್ತರದಿಂದ ಬೀಳುವ ಘಟಪ್ರಭೆಯು ಹಿಂಜಿದ ಅರಳೆಯಂತೆ ಮಸುಕಾಗುತ್ತದೆ. ಬಂಡೆಯ ಅಂಚು ಸ್ಪಷ್ಟವಾದರೆ ಬೆರಳು ಬರಿಯ ನೆರಳಾಗಿಬಿಡುತ್ತದೆ. ಎರಡನ್ನೂ ಏಕಕಾಲಕ್ಕೆ ಸ್ಪಷ್ಟವಾಗಿ ಕಾಣುವ ಕಣ್ಣನ್ನು ದೇವರು ಮನುಷ್ಯನಿಗೆ ಕೊಟ್ಟಿಲ್ಲ. ಹತ್ತು ವರ್ಷದ ಮೊಮ್ಮಗನು ಬೆರಳಿನಿಂದ ಬಂಡೆಗೆ, ಬಂಡೆಯಿಂದ ಬೆರಳಿಗೆ ದೃಷ್ಟಿಯನ್ನು ಕ್ಷಣಾರ್ಧದಲ್ಲಿ ಹಾರಿಸಬಲ್ಲನು. ಚಾಳೀಸು ಬಂದ ಅಜ್ಜನಿಗೆ ಬಂಡೆ ಕಂಡೀತು. ಉಗುರು ಮಾತ್ರ ಎಷ್ಟು ಕಣ್ಣು ಕಿರಿದು ಮಾಡಿದರೂ ಕಾಣದು.

ಪಿಸ್ತೂಲು ಹಿಡಿದು ಗುರಿಯಿಡುವವನ ಕಷ್ಟವೆಲ್ಲ ಈ ಹೆಬ್ಬೆರಳಿನಲ್ಲಿದೆ. ಅವನು ಹೊಂದಿಸಬೇಕಾದದ್ದು ಎರಡನ್ನಲ್ಲ, ಮೂರನ್ನು: ಕಣ್ಣಿಗೆ ಹತ್ತಿರವಿರುವ ಹಿಂದಿನ ಕಚ್ಚು, ನಳಿಗೆಯ ತುದಿಯಲ್ಲಿರುವ ಚಿಕ್ಕ ಕಡ್ಡಿ, ದೂರದ ಗುರಿ. ಕಚ್ಚಿನ ನಡುವೆ ಕಡ್ಡಿ ನಿಲ್ಲಬೇಕು, ಕಡ್ಡಿಯ ನೆತ್ತಿಯ ಮೇಲೆ ಗುರಿ ಕೂಡಬೇಕು. ನೋಟವನ್ನು ಕಡ್ಡಿಯ ಮೇಲಿಟ್ಟು ಗುರಿಯನ್ನು ಮಸುಕಾಗಿಯೇ ಬಿಡಬೇಕೆಂಬುದು ಈ ವಿದ್ಯೆಯ ಮೊದಲನೆಯ ಪಾಠ. ಕಚ್ಚಿಗೂ ಕಡ್ಡಿಗೂ ನಡುವೆ 15 ಸೆಂಟಿಮೀಟರು ಅಂತರವಿದ್ದು, ಕಡ್ಡಿಯು ಒಂದೇ ಒಂದು ಮಿಲಿಮೀಟರು ಪಕ್ಕಕ್ಕೆ ಸರಿದರೆ, ಹತ್ತು ಮೀಟರು ದೂರದಲ್ಲಿ ಗುಂಡು ಆರೂವರೆ ಸೆಂಟಿಮೀಟರಿಗಿಂತಲೂ ಹೆಚ್ಚು ಪಕ್ಕಕ್ಕೆ ಬೀಳುತ್ತದೆ. ನಲವತ್ತೈದು ದಾಟಿದ ಕಣ್ಣಿಗೆ ಆ ಒಂದು ಮಿಲಿಮೀಟರು ಕಾಣುವುದೇ ಇಲ್ಲ.

ಈ ಕಷ್ಟಕ್ಕೆ ಪರಿಹಾರವೆಂದು ಈಚೆಗೆ ಬಳಕೆಗೆ ಬಂದಿರುವುದೇ ‘ರೆಡ್ ಡಾಟ್ ಸೈಟ್’. ಪಿಸ್ತೂಲಿನ ಬೆನ್ನ ಮೇಲೆ ಕೂಡುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಗಾಜಿನ ಕಿಟಕಿ; ಅದರೊಳಗೆ ಒಂದು ಕೆಂಪು ಚುಕ್ಕೆ. ಇಲ್ಲಿ ಅದನ್ನು ಚುಕ್ಕೆಗಾಜು ಎಂದು ಕರೆದರೆ ಸಾಕು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. “ಸಿನಿಮಾದಾಗ ಖಳನಾಯಕನ ಎದಿ ಮ್ಯಾಲ ಕೆಂಪು ಬೆಳಕು ಬೀಳ್ತದಲ್ರೀ ಅಪ್ಪಾ, ಅದ ಅಲ್ಲೇನ್ರೀ ಇದು?” ಎಂದು ಮಕ್ಕಳು ಕೇಳುವುದುಂಟು. ಅಲ್ಲ. ಸಿನಿಮಾದಲ್ಲಿ ತೋರಿಸುವುದು ಲೇಸರ್ ದೀಪ. ಅದು ಬೆಳಕನ್ನು ಗುರಿಯ ಮೇಲೆ ಚೆಲ್ಲುತ್ತದೆ, ಎದುರಿದ್ದವರಿಗೂ ಕಾಣುತ್ತದೆ. ಚುಕ್ಕೆಗಾಜು ಹೊರಗೆ ಏನನ್ನೂ ಚೆಲ್ಲುವುದಿಲ್ಲ. ಅದರೊಳಗಿನ ಅತಿ ಚಿಕ್ಕ ಕೆಂಪು ದೀಪದ ಬೆಳಕು ಒಂದು ಬಾಗಿದ ಗಾಜಿಗೆ ತಗುಲಿ ಹಿಂದಕ್ಕೆ, ಹಿಡಿದವನ ಕಣ್ಣಿಗೇ ಬರುತ್ತದೆ. ಆ ಗಾಜಿಗೆ ಬಳಿದಿರುವ ತೆಳು ಲೇಪವು ಕೆಂಪನ್ನು ಮಾತ್ರ ಹಿಂತಿರುಗಿಸಿ, ಉಳಿದ ಬಣ್ಣಗಳನ್ನೆಲ್ಲ ಹಾಗೆಯೇ ಹಾಯಬಿಡುತ್ತದೆ. ದೀಪವನ್ನು ಗಾಜಿನ ನಾಭಿಯಲ್ಲಿ ಇಟ್ಟಿರುವುದರಿಂದ ಕಿರಣಗಳು ಸಮಾನಾಂತರವಾಗಿ ಹೊರಡುತ್ತವೆ. ಆದುದರಿಂದ ಚುಕ್ಕೆಯು ಗಾಜಿನ ಮೇಲಿಲ್ಲದೆ, ದೂರದ ಗುರಿಯ ಪಕ್ಕದಲ್ಲೆಲ್ಲೋ ತೇಲುತ್ತಿರುವಂತೆ ಕಾಣುತ್ತದೆ. ಕಣ್ಣು ದೂರವನ್ನು ನೋಡಿದರಾಯಿತು. ಬೆರಳಿಗೂ ಬಂಡೆಗೂ ನಡುವೆ ಹಾರಾಡುವ ಕೆಲಸ ತಪ್ಪಿತು. ಎರಡು ಕಣ್ಣುಗಳನ್ನೂ ತೆರೆದಿಟ್ಟೇ ನೋಡಬಹುದು.

ಯುಕ್ತಿ ಹೊಸದೇನಲ್ಲ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ದೂರದರ್ಶಕಗಳನ್ನು ಮಾಡುತ್ತಿದ್ದ ಸರ್ ಹೊವಾರ್ಡ್ ಗ್ರಬ್ ಎಂಬಾತನು 1900ರಲ್ಲಿಯೇ ಇದರ ತತ್ತ್ವಕ್ಕೆ ಹಕ್ಕುಪತ್ರ ಪಡೆದಿದ್ದನು. ಮೊದಲನೆಯ ಮಹಾಯುದ್ಧದ ಕೊನೆಗೆ ಜರ್ಮನರು ಅದನ್ನು ವಿಮಾನಗಳಿಗೆ ಅಳವಡಿಸಿದರು. ಕೈಯಲ್ಲಿ ಹಿಡಿಯುವ ಆಯುಧಕ್ಕೆ ಅದು ಇಳಿಯಲು ಮಾತ್ರ ಬಹುಕಾಲ ಹಿಡಿಯಿತು. ಅಷ್ಟು ಚಿಕ್ಕದಾದ, ಅಷ್ಟು ಕಡಿಮೆ ವಿದ್ಯುತ್ತು ತಿನ್ನುವ ದೀಪವೇ ಇರಲಿಲ್ಲ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್.ಇ.ಡಿ.ಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲಿ ಮಾಡಿ ತೋರಿಸಿದ ಮೇಲೆ, ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆಯು 1975ರಲ್ಲಿ ಮೊದಲ ವಿದ್ಯುತ್ ಚುಕ್ಕೆಗಾಜನ್ನು ಮಾರುಕಟ್ಟೆಗೆ ತಂದಿತು. ಪಿಸ್ತೂಲಿನ ಬೆನ್ನ ಮೇಲೆ ಕೂಡುವಷ್ಟು ಅದು ಕುಗ್ಗಿದ್ದು ಇನ್ನೂ ತಡವಾಗಿ. ಟ್ರಿಜಿಕಾನ್ ಸಂಸ್ಥೆಯ ‘ಆರ್.ಎಂ.ಆರ್.’ ಎಂಬ ಗಟ್ಟಿಮುಟ್ಟಾದ ಚಿಕ್ಕ ಗಾಜು 2009ರಲ್ಲಿ ಬಂದಿತು. 2015ರಲ್ಲಿ ಗ್ಲಾಕ್ ಕಾರ್ಖಾನೆಯು ಗಾಜನ್ನು ಕೂಡಿಸಲು ಅನುವಾಗುವಂತೆ ಕೊರೆದ ಪಿಸ್ತೂಲುಗಳನ್ನೇ ಮಾರತೊಡಗಿತು.

ಇಷ್ಟೆಲ್ಲ ಕಥೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಸಂಸಾರಸ್ಥರಿಗೇಕೆ ಎಂದು ಕೇಳಬಹುದು. ಘಟಪ್ರಭೆಯ ನೀರು ಹರಿದಲ್ಲೆಲ್ಲ ಕಬ್ಬು ಬೆಳೆದಿರುವ ಈ ಮೂರು ತಾಲ್ಲೂಕುಗಳಲ್ಲಿ ತೋಟದ ಮನೆಗಳು ಒಂದಕ್ಕೊಂದು ದೂರ. ಹಿಂದೆಂದೋ ಆತ್ಮರಕ್ಷಣೆಗೆಂದು ಪರವಾನಗಿ ಪಡೆದು ಒಂದು ಪಿಸ್ತೂಲನ್ನೋ ರಿವಾಲ್ವರನ್ನೋ ತಿಜೋರಿಯಲ್ಲಿಟ್ಟ ಯಜಮಾನರು ಈ ಕಡೆಯೂ ಇದ್ದಾರೆ. ಪಡೆದಾಗ ಮೂವತ್ತೈದಿದ್ದ ವಯಸ್ಸು ಈಗ ಅರವತ್ತಾಗಿದೆ. ಪಿಸ್ತೂಲು ಹಾಗೆಯೇ ಇದೆ, ಕಣ್ಣು ಹಾಗಿಲ್ಲ. ಅಂಥವರ ಕೈಗೆ ಮಗನೋ ಅಳಿಯನೋ ಮೊಬೈಲಿನಲ್ಲಿ ಚುಕ್ಕೆಗಾಜಿನ ಚಿತ್ರವನ್ನು ತೋರಿಸಿ, “ಇದನ್ನ ಹಾಕಿಸಿದ್ರ ಮುಗೀತ್ರೀ” ಎಂದಾಗ ನಿರ್ಧಾರ ಮಾಡಬೇಕಾದದ್ದು ಗಾಜಿನ ಬಗೆಗೆ ಮಾತ್ರವಲ್ಲ.

ಆಯ್ಕೆಯನ್ನು ಅಂಗಡಿಯಿಂದ ಆರಂಭಿಸದೆ ಕಣ್ಣಿನ ವೈದ್ಯರಿಂದ ಆರಂಭಿಸುವುದು ಲೇಸು. ಬರಿಯ ಚಾಳೀಸಿನ ಕಣ್ಣಾದರೆ, ಅಂದರೆ ದೂರದ್ದು ಚೆನ್ನಾಗಿ ಕಂಡು ಹತ್ತಿರದ್ದು ಮಾತ್ರ ಕಾಣದಿದ್ದರೆ, ಚುಕ್ಕೆಗಾಜು ನಿಜವಾಗಿಯೂ ಉಪಕಾರಿ. ಪೊರೆ ತೆಗೆಸಿ, ದೂರದ ನೋಟಕ್ಕೆ ಹೊಂದಿಸಿದ ಮಸೂರವನ್ನು ಕಣ್ಣೊಳಗೆ ಇಡಿಸಿಕೊಂಡವರಿಗೂ ಹಾಗೆಯೇ. ಆದರೆ ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ಎಂಬ ಅಂಕಣದಲ್ಲಿ ನಂಬರು ಇರುವವರಿಗೆ ಚುಕ್ಕೆಯು ಚುಕ್ಕೆಯಾಗಿ ಕಾಣದೆ, ಅಲ್ಪವಿರಾಮದ ಹಾಗೆ ಬಾಲ ಬಂದಂತೆಯೋ ದೀಪಾವಳಿಯ ನಕ್ಷತ್ರಕಡ್ಡಿ ಸಿಡಿದಂತೆಯೋ ಕಾಣುತ್ತದೆ. ಗಾಜೇ ಕೆಟ್ಟಿದೆಯೆಂದು ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುವ ಮುನ್ನ ಒಂದು ಪರೀಕ್ಷೆಯುಂಟು. ಅಂಗಡಿಯಲ್ಲಿ ಬಿಡಿಯಾಗಿರುವ ಗಾಜಿನ ಹಿಂದೆ ಮೊಬೈಲಿನ ಕ್ಯಾಮೆರಾ ಹಿಡಿದು ಚುಕ್ಕೆಯ ಒಂದು ಛಾಯಾಚಿತ್ರ ತೆಗೆದರೆ, ಚಿತ್ರದಲ್ಲಿ ಚುಕ್ಕೆ ದುಂಡಗಿದ್ದಲ್ಲಿ ದೋಷ ಕಣ್ಣಿನದು, ಗಾಜಿನದಲ್ಲ. ಸರಿಯಾದ ಕನ್ನಡಕ ಧರಿಸಿದರೆ, ಚುಕ್ಕೆಯ ಬೆಳಕನ್ನು ತಗ್ಗಿಸಿದರೆ ಬಹಳಮಟ್ಟಿಗೆ ಸರಿಹೋಗುತ್ತದೆ. ಪೊರೆ ಬೆಳೆಯುತ್ತಿರುವ ಕಣ್ಣಿಗಾದರೋ ಯಾವ ಗಾಜೂ ಮದ್ದಲ್ಲ. ಚುಕ್ಕೆಯ ಬೆಳಕೇ ಚೆದುರಿ ಮಂಜಾಗುತ್ತದೆ. ಅಂಥವರು ಮೊದಲು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕು. ಗಾಜಿನ ಮಾತು ಆಮೇಲೆ.

ಕಣ್ಣಿನ ಅನಂತರ ಚುಕ್ಕೆಯ ಗಾತ್ರ. ಇದನ್ನು ಕೋನದ ಮಿನಿಟುಗಳಲ್ಲಿ ಅಳೆಯುತ್ತಾರೆ. ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗವೇ ಮಿನಿಟು. ನೂರು ಮೀಟರಿನಲ್ಲಿ ಒಂದು ಮಿನಿಟು ಎಂದರೆ ಸುಮಾರು 2.9 ಸೆಂಟಿಮೀಟರು; ಹತ್ತು ಮೀಟರಿನಲ್ಲಿ 2.9 ಮಿಲಿಮೀಟರು ಮಾತ್ರ. ಅಂಗಡಿಗಳಲ್ಲಿ ಎರಡು, ಮೂರು, ಆರು ಮಿನಿಟಿನ ಚುಕ್ಕೆಗಳು ಸಾಮಾನ್ಯ. ಮೂರು ಮಿನಿಟಿನದು ಹತ್ತು ಮೀಟರಿನಲ್ಲಿ ಒಂದು ಕಡಲೆಕಾಳಿನಷ್ಟು ಜಾಗವನ್ನೂ, ಆರು ಮಿನಿಟಿನದು ಒಂದು ಗೋಲಿಯಷ್ಟು ಜಾಗವನ್ನೂ ಮುಚ್ಚುತ್ತದೆ. ದೂರದ ಹಲಗೆಗೆ ಗುರಿಯಿಡುವವರಿಗೆ ಚಿಕ್ಕದು ಒಳ್ಳೆಯದು. ಕೋಣೆಯ ಅಳತೆಯ ಅಂತರಕ್ಕೆ, ಬೇಗ ಕಾಣಬೇಕೆಂಬವರಿಗೆ ದೊಡ್ಡದು ಸಲ್ಲುತ್ತದೆ. ಹಿರಿಯರ ಕಣ್ಣಿಗೆ ಚಿಕ್ಕ ಚುಕ್ಕೆಯನ್ನು ಪ್ರಖರವಾಗಿ ಉರಿಸುವುದಕ್ಕಿಂತ ದೊಡ್ಡ ಚುಕ್ಕೆಯನ್ನು ಮಂದವಾಗಿ ಉರಿಸುವುದು ಹಿತ.

ಬೆಳಕಿನ ವಿಷಯದಲ್ಲಿ ಎಚ್ಚರ ಬೇಕಾದ ಒಂದು ಸಂಗತಿಯಿದೆ. ಕೆಲವು ಗಾಜುಗಳು ಸುತ್ತಲಿನ ಬೆಳಕನ್ನು ತಾವೇ ಅಳೆದು ಚುಕ್ಕೆಯನ್ನು ಏರಿಸುವುದು, ಇಳಿಸುವುದು ಮಾಡುತ್ತವೆ. ಕೇಳಲು ಚೆಂದ. ಆದರೆ ಕತ್ತಲೆಯ ಪಡಸಾಲೆಯೊಳಗೆ ನಿಂತು ವಿದ್ಯುದ್ದೀಪ ಉರಿಯುತ್ತಿರುವ ಅಂಗಳವನ್ನು ನೋಡುವಾಗ ಗಾಜು ತಾನಿರುವ ಕತ್ತಲೆಯನ್ನೇ ಅಳೆದು ಚುಕ್ಕೆಯನ್ನು ಮಂಕು ಮಾಡುತ್ತದೆ. ಬೆಳಗಿದ ಅಂಗಳದ ಮೇಲೆ ಚುಕ್ಕೆ ಕರಗಿಹೋಗುತ್ತದೆ. ಕೈಯಿಂದ ಏರಿಸಿ ಇಳಿಸುವ ಗುಂಡಿಗಳಿರುವುದೇ ಮೇಲು. ವೈಶಾಖದ ಮಟಮಟ ಮಧ್ಯಾಹ್ನದಲ್ಲಿ ಸುಣ್ಣ ಬಳಿದ ಗೋಡೆಯ ಮುಂದೆ ಚುಕ್ಕೆ ಕಾಣುವುದೇ ಎಂದು ಅಂಗಡಿಯ ಹೊಸ್ತಿಲಾಚೆ ಗಾಜನ್ನಷ್ಟೇ ತಂದು ನೋಡಿದರೆ ತಪ್ಪಿಲ್ಲ.

ಗಾಜಿನ ಮನೆ ತೆರೆದದ್ದೋ ಮುಚ್ಚಿದ್ದೋ ಎಂಬುದು ಇನ್ನೊಂದು ಪ್ರಶ್ನೆ. ತೆರೆದ ಬಗೆಯಲ್ಲಿ ದೀಪಕ್ಕೂ ಗಾಜಿಗೂ ನಡುವಿನ ಜಾಗ ಬಯಲಿಗೆ ತೆರೆದಿರುತ್ತದೆ. ಹಗುರ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆದರೆ ದೀಪದ ಬಾಯಿಯ ಮೇಲೆ ಒಂದು ಹನಿ ನೀರು ಬಿದ್ದರೆ ಚುಕ್ಕೆ ಒಡೆದು ಹತ್ತಾಗುತ್ತದೆ. ಒಂದು ಹುಲ್ಲೆಳೆ ಕೂತರೆ ಮಾಯವೇ ಆಗುತ್ತದೆ. ಮುಚ್ಚಿದ ಬಗೆಯು ಮುಂದೊಂದು ಹಿಂದೊಂದು ಗಾಜಿನಿಂದ ಡಬ್ಬಿಯಂತೆ ಭದ್ರವಾಗಿರುತ್ತದೆ. ಮೇಲೆ ಹನಿ ಬಿದ್ದರೆ ಬೆರಳಿನಿಂದ ಒರೆಸಿದರಾಯಿತು. ಹುಕ್ಕೇರಿಯ ಪಡುವಲಿನ ಜಡಿಮಳೆಯನ್ನೂ, ಕಬ್ಬು ಸಾಗಿಸುವ ಕಾಲದಲ್ಲಿ ಮೂಡಲಗಿಯ ಹಾದಿಯ ಮೇಲೇಳುವ ಕೆಂದೂಳಿಯನ್ನೂ ಬಲ್ಲವರು ಎರಡನೆಯದನ್ನೇ ಆರಿಸಿಯಾರು.

ಬ್ಯಾಟರಿಯಂತೂ ಮನೆಯಲ್ಲೆಲ್ಲರಿಗೂ ಗೊತ್ತಿರುವ ನಾಣ್ಯದಂಥದು, ಸಿ.ಆರ್. 2032 ಅಥವಾ ಅದರ ತಮ್ಮಂದಿರು. ಹತ್ತಾರು ಸಾವಿರ ಗಂಟೆ ಉರಿಯುವುದೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಅದು ಮಂದವಾದ ಬೆಳಕಿನ ಲೆಕ್ಕವೆಂಬುದನ್ನು ಚಿಕ್ಕ ಅಕ್ಷರಗಳಲ್ಲಿ ಬರೆದಿರುತ್ತಾರೆ. ಬ್ಯಾಟರಿ ಎಲ್ಲಿ ಕೂಡುತ್ತದೆಂಬುದೇ ಮುಖ್ಯ. ಗಾಜಿನ ಅಡಿಯಲ್ಲಿದ್ದರೆ ಅದನ್ನು ಬದಲಿಸಲು ಗಾಜನ್ನೇ ಬಿಚ್ಚಬೇಕು. ಬಿಚ್ಚಿ ಕೂಡಿಸಿದ ಮೇಲೆ ಗುರಿ ಹೊಂದಿದೆಯೇ ಎಂದು ಮತ್ತೆ ನೋಡಬೇಕು. ಪಕ್ಕದಲ್ಲೋ ಮೇಲೋ ಇದ್ದರೆ ಈ ತೊಡಕಿಲ್ಲ. ವರ್ಷಕ್ಕೊಮ್ಮೆ ಖಂಡೇನವಮಿಯ ದಿನ ಹೊಸದು ಹಾಕುವ ಪದ್ಧತಿಯಿಟ್ಟುಕೊಂಡರೆ ಮರೆಯುವ ಭಯವಿಲ್ಲ. ಅಂದು ಆಯುಧಕ್ಕೆ ವಿಭೂತಿ, ಕುಂಕುಮ ಹಚ್ಚುವ ಮನೆಗಳಲ್ಲಿ ಅದನ್ನು ಹಿಡಿಕೆಗೆ ಹಚ್ಚುವುದು ಒಳಿತು. ಗಾಜಿನ ಲೇಪಕ್ಕೆ ಹತ್ತಿದ ಕುಂಕುಮವನ್ನು ಸೆರಗಿನಿಂದ ತಿಕ್ಕಿ ತೆಗೆದರೆ ಲೇಪವೂ ಗೀಚಿಹೋಗುತ್ತದೆ.

ಗಟ್ಟಿತನದ ಮಾತು ಪಿಸ್ತೂಲಿಗೇ ವಿಶೇಷವಾದದ್ದು. ಬಂದೂಕದ ಮೇಲಿನ ಗಾಜು ಬಂದೂಕದೊಡನೆ ಒಂದು ಸಲ ಒದೆ ತಿಂದು ಸುಮ್ಮನಾಗುತ್ತದೆ. ಪಿಸ್ತೂಲಿನಲ್ಲಿ ಗಾಜು ಕೂಡುವುದು ಸ್ಲೈಡಿನ ಮೇಲೆ. ಸ್ಲೈಡು ಪ್ರತಿ ಗುಂಡಿಗೂ ಹಿಂದಕ್ಕೆ ಚಿಮ್ಮಿ, ಢಿಕ್ಕಿ ಹೊಡೆದು, ಮತ್ತೆ ಮುಂದಕ್ಕೆ ನುಗ್ಗಿ ಇನ್ನೊಮ್ಮೆ ಢಿಕ್ಕಿ ಹೊಡೆಯುತ್ತದೆ. ಆಟಿಕೆಯ ಬಂದೂಕುಗಳಿಗೆಂದು ಮಾಡಿದ, ನೋಡಲು ಅಸಲಿನಂತೆಯೇ ಇರುವ ಅಗ್ಗದ ಗಾಜುಗಳ ತಂತಿ ಕೆಲವೇ ಹೊಡೆತಗಳಿಗೆ ಕಡಿದುಹೋಗುತ್ತದೆ. ಚುಕ್ಕೆ ಆರಿಹೋದರೂ ಗುರಿ ಹಿಡಿಯಲು ಹಳೆಯ ಕಚ್ಚು, ಕಡ್ಡಿಗಳು ಗಾಜಿನ ಕಿಟಕಿಯೊಳಗಿಂದ ಕಾಣುವಂತಿದ್ದರೆ ಕ್ಷೇಮ.

ಇಷ್ಟು ಗುಣಗಳನ್ನು ಚೀಟಿಯಲ್ಲಿ ಬರೆದುಕೊಂಡು ಪೇಟೆಗೆ ಹೊರಟವರನ್ನು ತಡೆಯುವ ಪ್ರಶ್ನೆಯೊಂದಿದೆ: ಗಾಜನ್ನು ಕೂಡಿಸುವುದೆಲ್ಲಿ? ನಮ್ಮ ದೇಶದಲ್ಲಿ ನಾಗರಿಕರಿಗೆ ದೊರೆತಿರುವ ಸ್ವದೇಶಿ ಕೈಬಂದೂಕುಗಳಲ್ಲಿ ಹೆಸರಾದವು ಕಾನ್ಪುರದಲ್ಲಿ ಮಾಡಿದ .32 ರಿವಾಲ್ವರುಗಳು, ಬಂಗಾಳದ ಇಶಾಪುರದ ಕಾರ್ಖಾನೆಯ .32 ಪಿಸ್ತೂಲು. ಹೆಂಗಸರ ಕೈಗೆ ಹಗುರವಾಗಲೆಂದು 2014ರಲ್ಲಿ ಹೊರತಂದ ಅರ್ಧ ಕಿಲೋ ತೂಕದ ‘ನಿರ್ಭೀಕ್’ ಕೂಡ ಇದೇ .32ರ ಕುಲದ್ದು. ಇವೆಲ್ಲ ಹಳೆಯ ನಮೂನೆಗಳು. ಇವುಗಳ ಬೆನ್ನ ಮೇಲೆ ಗಾಜಿಗೆಂದು ಕೊರೆದ ತಾಣವಿಲ್ಲ. ರಿವಾಲ್ವರಿನ ಮೇಲ್ಪಟ್ಟಿಗೆ ತೂತು ಕೊರೆಯಬೇಕು, ಪಿಸ್ತೂಲಿನ ಸ್ಲೈಡನ್ನು ಕೆತ್ತಬೇಕು. ಗಾಜುಗಳಾದರೂ ಒಂದೇ ಅಚ್ಚಿನವಲ್ಲ. ಒಂದೊಂದು ಕಾರ್ಖಾನೆಯ ಗಾಜಿನ ಮೊಳೆಗಳ ಅಂತರ ಒಂದೊಂದು ಬಗೆ.

ಕಬ್ಬಿನ ಗಾಣ, ನೀರೆತ್ತುವ ಪಂಪು, ಟ್ರ್ಯಾಕ್ಟರುಗಳಿರುವ ಸೀಮೆಯಲ್ಲಿ ಲೇಥಿನ ಅಂಗಡಿಗೆ ಬರವಿಲ್ಲ. ಮುರಿದ ಶಾಫ್ಟನ್ನು ಗಂಟೆಯೊಳಗೆ ಸರಿಮಾಡಿಕೊಡುವ ಕುಶಲಿಗೆ ಒಂದಂಗುಲದ ಉಕ್ಕನ್ನು ಕೆತ್ತುವುದು ದೊಡ್ಡ ಕೆಲಸವಲ್ಲ. “ಒಂದೀಟ ಕೊರದು ಕೊಡ್ರೆಲಾ ಮಾಮಾ” ಎಂದು ಸಲಿಗೆಯಿಂದ ಕೇಳುವುದೂ ಸಹಜ. ಅಲ್ಲಿಯೇ ಅಪಾಯ. 1959ರ ಆಯುಧ ಕಾಯಿದೆಯ ಐದನೆಯ ಕಲಮಿನ ಪ್ರಕಾರ ಆಯುಧವನ್ನು ತಯಾರಿಸುವುದಕ್ಕೆ ಮಾತ್ರವಲ್ಲ, ಪರಿವರ್ತಿಸುವುದಕ್ಕೂ ದುರಸ್ತಿ ಮಾಡುವುದಕ್ಕೂ ಪ್ರತ್ಯೇಕ ಪರವಾನಗಿ ಬೇಕು. ಇಟ್ಟುಕೊಳ್ಳುವ ಪರವಾನಗಿ ಬೇರೆ, ಕೆತ್ತುವ ಪರವಾನಗಿ ಬೇರೆ. ಪರವಾನಗಿಯಿಲ್ಲದೆ ಆ ಕೆಲಸ ಮಾಡಿದವನಿಗೆ 2019ರ ತಿದ್ದುಪಡಿಯ ಅನಂತರ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ. ಅದು ಜೀವಾವಧಿಯವರೆಗೂ ಹೋಗಬಹುದು. ಚಹಾದ ಹಣಕ್ಕೆ ಉಪಕಾರ ಮಾಡಲು ಹೋದ ಲೇಥಿನವನ ಸಂಸಾರ ಬೀದಿಗೆ ಬಿದ್ದೀತು. ಹಿಂದಿನ ಕಚ್ಚನ್ನು ಜಾರಿಸಿ ತೆಗೆದು, ಅದೇ ತೋಡಿನಲ್ಲಿ ಕೂಡಿಸುವ ಪಟ್ಟಿಗಳೂ ಕೆಲವು ಪಿಸ್ತೂಲುಗಳಿಗೆ ದೊರೆಯುತ್ತವೆ. ಅವಕ್ಕೆ ಕೆತ್ತನೆ ಬೇಡ. ಹಾಗಿದ್ದರೂ ಪರವಾನಗಿಯುಳ್ಳ ವ್ಯಾಪಾರಿಯಿಂದಲೇ ರಸೀದಿಯೊಡನೆ ಕೊಂಡು, ಅವನಿಂದಲೇ ಹಾಕಿಸಿ, ಬೆಳಗಾವಿಯ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ಬರಹದಲ್ಲಿ ವಿಚಾರಿಸಿಕೊಂಡವನು ನಿಶ್ಚಿಂತನಾಗಿ ನಿದ್ರಿಸಬಹುದು.

ಆಯುಧದ ಕಾನೂನನ್ನು ಲಘುವಾಗಿ ಕಾಣುವ ಅಭ್ಯಾಸ ಈ ನೆಲಕ್ಕೆ ಇರಬೇಕಾದ್ದಲ್ಲ. ಮೂಡಲಗಿಯಿಂದ ಮೂಡಲಿಗೆ, ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು 1857ರಲ್ಲಿ ದಂಗೆಯೆದ್ದದ್ದು ಕುಂಪಣಿ ಸರಕಾರದ ನಿಶ್ಶಸ್ತ್ರೀಕರಣದ ಕಾಯಿದೆಯ ವಿರುದ್ಧವೇ. ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು, ಆ ಕಥೆಯನ್ನು ಲಾವಣಿಕಾರರು ಇಂದಿಗೂ ಹಾಡುತ್ತಾರೆ. ಪರಕೀಯರ ಆ ಕಾಯಿದೆಗೂ, 1878ರ ಆಯುಧ ಕಾಯಿದೆಗೂ, ಸ್ವತಂತ್ರ ಭಾರತದ ಪಾರ್ಲಿಮೆಂಟು ಮಾಡಿ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಈಗಿನ ಕಾಯಿದೆಗೂ ಉದ್ದೇಶದಲ್ಲಿ ಅಜಗಜಾಂತರವಿದೆ. ಆಗ ಪ್ರಜೆಯ ಆಯುಧವನ್ನು ಕಂಡು ಸರಕಾರ ಅಂಜಿತ್ತು. ಈಗ ನೆರೆಹೊರೆಯವರ ಸುರಕ್ಷತೆಯೇ ಪ್ರಶ್ನೆ.

ಗಾಜು ಕೂತಿತೆನ್ನೋಣ. ಇನ್ನು ಅದಕ್ಕೂ ನಳಿಗೆಗೂ ಹೊಂದಾಣಿಕೆ ಮಾಡಬೇಕು. ಚುಕ್ಕೆ ತೋರಿಸಿದ ಕಡೆಗೇ ಗುಂಡು ಹೋಗುವಂತೆ ಎರಡು ಚಿಕ್ಕ ತಿರುಪುಗಳನ್ನು ಒಂದೊಂದೇ ‘ಟಿಕ್’ ತಿರುಗಿಸುತ್ತ, ಕಾಗದದ ಗುರಿಗೆ ಹೊಡೆಯುತ್ತ ಸಾಗಬೇಕು. ಒಂದು ಟಿಕ್ಕಿಗೆ ಒಂದು ಮಿನಿಟು ಸರಿಯುವ ಗಾಜಾದರೆ 25 ಮೀಟರಿನಲ್ಲಿ ಗುಂಡು ಏಳು ಮಿಲಿಮೀಟರಿನಷ್ಟು ಸರಿಯುತ್ತದೆ. ಈ ಕೆಲಸವನ್ನು ತೋಟದ ಬಾವಿಯ ದಂಡೆಯ ಮೇಲೆ ಮಾಡುವಂತಿಲ್ಲ. ಅನುಮತಿಯಿರುವ ಶೂಟಿಂಗ್ ಶ್ರೇಣಿಯೇ ಬೇಕು. ಅಲ್ಲಿಗೆ ಹೋಗಿ ಬರುವ ಅನುಕೂಲವಿಲ್ಲದವರು ಗಾಜನ್ನು ಕೊಳ್ಳದಿರುವುದೇ ಸರಿ. ಹೊಂದಾಣಿಕೆಯಾಗದ ಚುಕ್ಕೆಯು ಸುಳ್ಳು ಸಾಕ್ಷಿಯಂತೆ: ಖಚಿತವಾಗಿ ನುಡಿಯುತ್ತದೆ, ತಪ್ಪಾಗಿ ನುಡಿಯುತ್ತದೆ.

ಅಭ್ಯಾಸವೂ ಬೇಕು. ಹಳೆಯ ರೀತಿಯಲ್ಲಿ ಕೈ ಸ್ವಲ್ಪ ಓರೆಯಾದರೂ ಕಡ್ಡಿ ಅರ್ಧವಾದರೂ ಕಂಡು ಎಚ್ಚರಿಸುತ್ತದೆ. ಚುಕ್ಕೆಗಾಜಿನಲ್ಲಿ ಮಣಿಕಟ್ಟು ಸ್ವಲ್ಪ ಮೇಲೋ ಕೆಳಗೋ ಆದರೆ ಕಿಟಕಿ ಬರಿದು. ಚುಕ್ಕೆ ಎಲ್ಲಿಗೆ ಹೋಯಿತೆಂದು ಪಿಸ್ತೂಲನ್ನು ಅತ್ತಿತ್ತ ಅಲುಗಿಸುವುದರಲ್ಲಿಯೇ ಹೊತ್ತು ಹೋಗುತ್ತದೆ. ಚುಕ್ಕೆ ಸಿಕ್ಕಮೇಲೆ ಅದರ ನಡುಕ ಕಣ್ಣಿಗೆ ಹೊಡೆಯುತ್ತದೆ. ಕೈ ಮೊದಲೂ ಅಷ್ಟೇ ನಡುಗುತ್ತಿತ್ತು, ಆದರೆ ಕಾಣುತ್ತಿರಲಿಲ್ಲ. ಅದು ನಿಲ್ಲಲೆಂದು ಕಾದು, ನಿಂತಂತೆ ತೋರಿದ ಕೂಡಲೇ ಟ್ರಿಗರನ್ನು ಜಗ್ಗಿ ಎಳೆದವರ ಗುಂಡು ಕೆಳಕ್ಕೆ ಹೋಗುತ್ತದೆ. ಗಾಜು ದೃಷ್ಟಿಯ ಸಾಲವನ್ನು ತೀರಿಸಬಲ್ಲದು, ಬೆರಳಿನ ಸಾಲವನ್ನಲ್ಲ.

ಇದಕ್ಕೆ ನಮ್ಮ ನಾಡಿನವರೇ ನಿದರ್ಶನ. ಒಲಿಂಪಿಕ್ ಪಿಸ್ತೂಲ್ ಸ್ಪರ್ಧೆಗಳಲ್ಲಿ ಚುಕ್ಕೆಗಾಜು, ಲೇಸರ್, ದೂರದರ್ಶಕಗಳೆಲ್ಲ ನಿಷಿದ್ಧ. ತೆರೆದ ಕಚ್ಚು, ಕಡ್ಡಿಗಳಿಂದಲೇ ಗುರಿ ಹಿಡಿಯಬೇಕು. ಬೆಂಗಳೂರಿನ ಪಿ. ಎನ್. ಪ್ರಕಾಶ್ 2013ರಲ್ಲಿ ಸ್ಪೇನ್ ದೇಶಕ್ಕೆ ಸ್ಪರ್ಧೆಗೆ ಹೋದಾಗ ಮುಖದ ಪಾರ್ಶ್ವವಾಯುವಿಗೆ ತುತ್ತಾದರು. ಗುರಿಕಾರನಿಗೆ ಅದಕ್ಕಿಂತ ದೊಡ್ಡ ಆಘಾತವುಂಟೆ? ಮರುವರ್ಷ, 2014ರಲ್ಲಿ, ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳ ಹತ್ತು ಮೀಟರು ಏರ್ ಪಿಸ್ತೂಲಿನಲ್ಲಿ ಬೆಳ್ಳಿಯ ಪದಕ ಅವರ ಕೊರಳಲ್ಲಿತ್ತು. 2016ರ ರಿಯೊ ಒಲಿಂಪಿಕ್ಸಿನಲ್ಲಿಯೂ ಅವರು ಭಾರತದ ಪರವಾಗಿ ನಿಂತರು. ಬೆಂಗಳೂರಿನವರೇ ಆದ ದಿವ್ಯಾ ಟಿ. ಎಸ್. 2023ರಲ್ಲಿ ಸರಬ್‌ಜೋತ್ ಸಿಂಗರೊಡನೆ ಬಾಕು ನಗರದ ವಿಶ್ವಕಪ್ಪಿನ ಮಿಶ್ರ ಜೋಡಿಯಲ್ಲಿ ಚಿನ್ನವನ್ನೂ, ಅದೇ ವರ್ಷ ಹಾಂಗ್‌ಜೌ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿಯನ್ನೂ ಗೆದ್ದರು. ಮಗಳೋ ಮಗನೋ ಶೂಟಿಂಗ್ ಕಲಿಯುತ್ತೇನೆಂದು ಹಟ ಹಿಡಿದಿದ್ದರೆ ಚುಕ್ಕೆಗಾಜಿಗೆ ಕಾಸು ಖರ್ಚು ಮಾಡುವ ಅಗತ್ಯವೇ ಇಲ್ಲ. ಚುಕ್ಕೆಗಾಜನ್ನು ಒಪ್ಪುವ ವೇಗದ ಸ್ಪರ್ಧೆಗಳು ಬೇರೆ ಇವೆ. ಅವು ಹೆಚ್ಚಾಗಿ ಪರದೇಶದವು.

ಮನೆಯ ಮಾತಿಗೆ ಬಂದರೆ, ಗಾಜು ಕೂತ ಪಿಸ್ತೂಲು ಹಳೆಯ ಚರ್ಮದ ಚೀಲದಲ್ಲಿ ಹಿಡಿಸದು, ಹೊಸದು ಬೇಕು. ಚೀಲ ಸಿಕ್ಕದ ತನಕ ಅದನ್ನು ತಲೆದಿಂಬಿನಡಿ, ಕಪಾಟಿನ ಮೇಲೆ ಎಂದು ಇಡುವ ಯೋಚನೆ ಯಜಮಾನರಿಗೆ ಬಾರದಂತೆ ಗೃಹಿಣಿ ನೋಡಿಕೊಳ್ಳಬೇಕು. ಹೊಳೆಯುವ ಕೆಂಪು ಚುಕ್ಕೆಯಷ್ಟು ಮಕ್ಕಳನ್ನು ಸೆಳೆಯುವ ವಸ್ತು ಮತ್ತೊಂದಿಲ್ಲ. ಆಯುಧವನ್ನು ಬೀಗದೊಳಗೆ ಭದ್ರವಾಗಿ ಇಡುವ ಹೊಣೆಯನ್ನು 2016ರ ಆಯುಧ ನಿಯಮಗಳು ಪರವಾನಗಿದಾರನ ಮೇಲೆ ಹೊರಿಸಿವೆ. ಗುಂಡುಗಳು ಬೇರೆ ಬೀಗದಲ್ಲಿದ್ದರೆ ಮೇಲು. ಚುನಾವಣೆ ಬಂದಾಗ ಆಯುಧಗಳನ್ನು ಪೊಲೀಸ್ ಠಾಣೆಯಲ್ಲಿಡಬೇಕೆಂದು ಜಿಲ್ಲಾಡಳಿತದ ಆಜ್ಞೆ ಹೊರಡುವುದು ವಾಡಿಕೆ. ಆಗ ಚುಕ್ಕೆಯನ್ನು ಆರಿಸಿ, ಬ್ಯಾಟರಿಯನ್ನು ತೆಗೆದು, ಗಾಜಿದೆಯೆಂದು ರಸೀದಿಯಲ್ಲಿ ಬರೆಸಿಯೇ ಒಪ್ಪಿಸಬೇಕು. ತಿಂಗಳುಗಟ್ಟಲೆ ಠಾಣೆಯ ಕಪಾಟಿನಲ್ಲಿದ್ದು ಮರಳಿ ಬಂದ ಮೇಲೆ ಹೊಂದಾಣಿಕೆಯನ್ನು ಮತ್ತೆ ಪರೀಕ್ಷಿಸಬೇಕು.

ಎಲ್ಲವನ್ನೂ ಕೂಡಿ ಕಳೆದು ನೋಡಿದ ಯಜಮಾನನಿಗೆ ಮತ್ತೊಂದು ಪ್ರಶ್ನೆ ಏಳಬಹುದು, ಏಳಬೇಕು. ಅರ್ಧರಾತ್ರಿಯ ಅರೆಬೆಳಕಿನಲ್ಲಿ ಅಂಗಳಕ್ಕೆ ಬಂದವನು ಕಳ್ಳನೋ, ಬಸ್ಸು ತಪ್ಪಿ ತಡವಾಗಿ ಬಂದ ತಮ್ಮನ ಮಗನೋ ಎಂಬುದನ್ನು ಚುಕ್ಕೆ ಹೇಳುವುದಿಲ್ಲ. ಅದು ಮುಖವನ್ನು ಗುರುತಿಸಿಕೊಡದು. ಗುರುತಿಸದ ಮುಖದ ಮೇಲೆ ನೆಟ್ಟಗೆ ಕೂಡುತ್ತದೆ, ಅಷ್ಟೆ. ಕನ್ನಡಕವಿಲ್ಲದೆ ಹತ್ತು ಮೀಟರಿನಾಚೆಯ ಮನೆಯವರ ಮುಖ ಕಾಣದ ಕಣ್ಣಿಗೆ ಒಳ್ಳೆಯ ದೀಪ, ಗಟ್ಟಿ ಚಿಲಕ, ಬೊಗಳುವ ನಾಯಿ ಹೆಚ್ಚಿನ ರಕ್ಷಣೆ.

ಅಂಥವರಿಗೆ ನಿಯಮಗಳಲ್ಲಿಯೇ ಒಂದು ದಾರಿಯಿದೆ. ಪರವಾನಗಿದಾರನಿಗೆ ಎಪ್ಪತ್ತು ತುಂಬಿದರೆ, ಅಥವಾ ಆಯುಧವು ಇಪ್ಪತ್ತೈದು ವರ್ಷ ಅವನ ಬಳಿ ಇದ್ದರೆ, ಆತನು ಬದುಕಿರುವಾಗಲೇ ಅದನ್ನು ವಾರಸುದಾರನ ಹೆಸರಿಗೆ ವರ್ಗಾಯಿಸಲು 2016ರ ನಿಯಮಗಳು ಅವಕಾಶ ಕೊಟ್ಟಿವೆ. ಮಗನೋ ಮಗಳೋ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಿ, ತಾವೇ ಅರ್ಹರೆಂದು ತೋರಿಸಿ, ಪರವಾನಗಿ ಪಡೆದ ಮೇಲೆಯೇ ಆಯುಧ ಅವರ ಕೈಗೆ ಬರಬೇಕು. ಮನೆಯಲ್ಲಿ ಯಾರಿಗೂ ಬೇಡವಾದರೆ ಪರವಾನಗಿಯುಳ್ಳ ವ್ಯಾಪಾರಿಗೆ ಕಾನೂನಿನಂತೆ ಮಾರಬಹುದು. ಮಗನ ಹೆಸರಿಗೆ ಹೋದ ಪಿಸ್ತೂಲಿನ ಮೇಲೆ ಅಪ್ಪನ ಚುಕ್ಕೆಗಾಜು ಇದ್ದರೆ ಅದರ ಬೆಳಕನ್ನೂ ಹೊಂದಾಣಿಕೆಯನ್ನೂ ಮಗನ ಕಣ್ಣಿಗೆ, ಮಗನ ಕೈಗೆ ಹೊಸದಾಗಿ ನೋಡಿಕೊಳ್ಳಬೇಕು. ಮೂವತ್ತರ ಕಣ್ಣಿನವನಾದರೆ ಅದನ್ನು ಬಿಚ್ಚಿಟ್ಟು ಹಳೆಯ ಕಚ್ಚು, ಕಡ್ಡಿಗಳಿಂದಲೇ ಕಲಿಯುವುದಕ್ಕೂ ಅಡ್ಡಿಯಿಲ್ಲ.